ಎಮ್ಮೆಲ್ಲೆ ಅಭ್ಯರ್ಥಿಗಳು ಪಂಚಾಯಿತಿ ಕೆಲಸದ ಭರವಸೆಯನ್ನೇ ಏಕೆ ಕೊಡುತ್ತಾರೆ?

2023ರ ಏಪ್ರಿಲ್ ಕೊನೆಯ ವಾರ. ವಿಧಾನಸಭೆ ಚುನಾವಣೆಗೆ ಎರಡು ವಾರವೂ ಉಳಿದಿರಲಿಲ್ಲ. ಊರ ಮುಂದಿನ ಅರಳಿಕಟ್ಟೆ ಹತ್ತಿರ ಅಭ್ಯರ್ಥಿಯ ತೆರೆದ ಜೀಪು ಬಂದು ನಿಂತಿತು. ಹಾರ ಹಾಕಿದ್ದಾಯಿತು, ಪಟಾಕಿ ಹೊಡೆದದ್ದಾಯಿತು. ಅಷ್ಟರಲ್ಲಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡಿದ್ದ ಹೆಂಗಸೊಬ್ಬರು ಮುಂದೆ ಬಂದರು. "ಅಣ್ಣ, ಮನೆಮನೆಗೆ ನಲ್ಲಿ ಹಾಕವ್ರೆ. ನೀರು ಮಾತ್ರ ಬರಲ್ಲ" ಅಂದರು. ಅಭ್ಯರ್ಥಿ ಜೀಪಿನಿಂದಲೇ ಬಗ್ಗಿ ಕೈ ಮುಗಿದರು. "ಅಕ್ಕ, ಗೆದ್ದ ತಿಂಗಳಲ್ಲೇ ಹೊಸ ಬೋರ್ ಹಾಕಿಸ್ತೀನಿ. ನನ್ನ ಮಾತು ನಂಬಿ" ಅಂದರು. ಚಪ್ಪಾಳೆ ಬಿತ್ತು. ಜೀಪು ಮುಂದಕ್ಕೆ ಹೋಯಿತು.

ಆ ವಾರ ಅದೇ ಊರಿಗೆ ಇನ್ನೂ ಇಬ್ಬರು ಅಭ್ಯರ್ಥಿಗಳು ಬಂದು ಹೋದರು. ಪಕ್ಷ ಬೇರೆ, ಬಾವುಟ ಬೇರೆ. ಉತ್ತರ ಮಾತ್ರ ಅದೇ: ಬೋರ್ ಹಾಕಿಸ್ತೀನಿ, ಚರಂಡಿ ಮಾಡಿಸ್ತೀನಿ, ಸಿಸಿ ರಸ್ತೆ ಕೊಡಿಸ್ತೀನಿ. ನೀರಿನ ಬಗ್ಗೆ ಮೂವರ ನಿಲುವಿನಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಹಾಗಿದ್ದರೆ ಆ ಹೆಂಗಸು ಯಾವ ಆಧಾರದ ಮೇಲೆ ಒಬ್ಬರನ್ನು ಆರಿಸಬೇಕು? ಜಾತಿ, ಪಕ್ಷ, ಮುಖಪರಿಚಯ. ಅಷ್ಟೇ ಉಳಿಯುವುದು.

ಮೂವರೂ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಗೆದ್ದವರು ಬೋರ್ ಹಾಕಿಸಲೂಬಹುದು. ನನ್ನ ತಕರಾರು ಬೇರೆ. ಸ್ಥಳೀಯ ಸಮಸ್ಯೆ ಬಗ್ಗೆ ಶಾಸಕರಾಗುವವರ ಅಭಿಪ್ರಾಯ ಕೇಳುವಾಗ ನಾವು ತಪ್ಪು ಪ್ರಶ್ನೆ ಕೇಳುತ್ತೇವೆ. ಅವರು ಅದಕ್ಕೆ ಸುಲಭದ ಉತ್ತರ ಕೊಟ್ಟು ಹೋಗುತ್ತಾರೆ. ಅವರಿಂದ ಮಾತ್ರ ಆಗುವ ಕೆಲಸದ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ.

ಮೊದಲು ಆ ನಲ್ಲಿಯನ್ನೇ ನೋಡೋಣ. ಅದು ಬಂದದ್ದು ಜಲ ಜೀವನ್ ಮಿಷನ್‌ನಲ್ಲಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಈ ಯೋಜನೆಯ ಗುರಿ, ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲಾ ದಿನಕ್ಕೆ 55 ಲೀಟರ್ ನೀರು. ಹಣ ಕೇಂದ್ರ ಮತ್ತು ರಾಜ್ಯದ್ದು. ಪೈಪು ಎಳೆಸುವುದು ರಾಜ್ಯದ ಗ್ರಾಮೀಣ ಕುಡಿಯುವ ನೀರು ಇಲಾಖೆ. ಊರೊಳಗಿನ ನಿರ್ವಹಣೆ ಗ್ರಾಮ ಪಂಚಾಯಿತಿಯದು. ಮೋಟಾರ್ ಸುಟ್ಟರೆ ರಿಪೇರಿ ಮಾಡಿಸುವುದು, ವಾಟರ್‌ಮ್ಯಾನ್‌ಗೆ ಸಂಬಳ ಕೊಡುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲ ಅದೇ. ಇನ್ನು ನೆಲದಡಿ ನೀರೇ ಇಲ್ಲದಿದ್ದರೆ? ಅಂತರ್ಜಲ ಬಳಕೆಗೆ ಲಗಾಮು ಹಾಕಲು ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಅದನ್ನು ಮಾಡಿದ್ದು ವಿಧಾನಮಂಡಲ. ಈಗ ಲೆಕ್ಕ ಹಾಕಿ: ಇಷ್ಟು ಉದ್ದದ ಸರಪಳಿಯಲ್ಲಿ ಶಾಸಕರ ನೇರ ಕೆಲಸ ಎಲ್ಲಿ ಬರುತ್ತದೆ? ಕೊನೆಯ ಕೊಂಡಿಯಲ್ಲಿ, ಕಾನೂನಿನಲ್ಲಿ. ಜೊತೆಗೆ ಬಜೆಟ್‌ನಲ್ಲಿ, ಇಲಾಖೆಯನ್ನು ಪ್ರಶ್ನೆ ಮಾಡುವುದರಲ್ಲಿ. ಆದರೆ ಜೀಪಿನ ಮೇಲಿನ ಭರವಸೆ ಹೊಸ ಬೋರ್‌ವೆಲ್ಲಿನದು. ಪಕ್ಕಪಕ್ಕದಲ್ಲಿ ಬೋರ್ ಕೊರೆದೂ ಕೊರೆದೂ ನೀರು ಪಾತಾಳಕ್ಕೆ ಇಳಿದ ಊರಲ್ಲಿ ಇನ್ನೊಂದು ಬೋರ್ ಪರಿಹಾರವೂ ಅಲ್ಲ.

ರಸ್ತೆಯದೂ ಇದೇ ಕಥೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಯದು. ಗುಂಡಿ ನೋಡಲು ಒಂದೇ ಥರ ಇರುತ್ತದೆ, ಯಜಮಾನರು ಬೇರೆ ಬೇರೆ. ಜನರಿಗೆ ಇದೆಲ್ಲ ಗೊತ್ತಿರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಶಾಸಕರಾಗಲು ಹೊರಟವರಿಗೆ ಗೊತ್ತಿರಲೇಬೇಕು ಅಲ್ವಾ?

ಈ ಹಂಚಿಕೆ ಸುಮ್ನೆ ಆದದ್ದಲ್ಲ. 1992ರಲ್ಲಿ ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿ ಬಂದವು, 1993ರಲ್ಲಿ ಜಾರಿಯಾದವು. ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಹನ್ನೊಂದನೇ ಅನುಸೂಚಿಯಲ್ಲಿದೆ. ನಗರ ಸಂಸ್ಥೆಗಳ 18 ವಿಷಯಗಳು ಹನ್ನೆರಡನೇ ಅನುಸೂಚಿಯಲ್ಲಿವೆ. ಕುಡಿಯುವ ನೀರು, ರಸ್ತೆ, ನೈರ್ಮಲ್ಯ ಎಲ್ಲ ಅಲ್ಲೇ ಇವೆ.

ಕರ್ನಾಟಕದವರಾದ ನಮಗೆ ಇದರಲ್ಲಿ ಹೆಮ್ಮೆಯ ಪಾಲೂ ಇದೆ. ದೇಶಕ್ಕೆಲ್ಲ ತಿದ್ದುಪಡಿ ಬರುವ ಮೊದಲೇ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ತಂದರು. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಅಲ್ಲಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊಡಿಸಿ 'ನೀರ್ ಸಾಬ್' ಅಂತ ಹೆಸರಾದ ಮನುಷ್ಯ ತಮ್ಮ ಕೈಲಿದ್ದ ಅಧಿಕಾರವನ್ನು ಕೆಳಗಿನವರಿಗೆ ಬಿಟ್ಟುಕೊಟ್ಟರು. ನೀರು ಕೊಟ್ಟದ್ದನ್ನು ಜನ ನೆನಪಿಟ್ಟುಕೊಂಡಿದ್ದಾರೆ. ಅಧಿಕಾರ ಬಿಟ್ಟುಕೊಟ್ಟದ್ದನ್ನು ಅವರ ನಂತರದ ರಾಜಕಾರಣಿಗಳು ನೆನಪಿಟ್ಟುಕೊಳ್ಳಲಿಲ್ಲ.

ಇವತ್ತಿನ ಸ್ಥಿತಿ ನೋಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಅಂತ ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ವರ್ಷಗಟ್ಟಲೆ ಎಳೆದರು. 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿದ್ದು ವಿಧಾನಮಂಡಲದಲ್ಲಿ. ಬೆಂಗಳೂರಿನಲ್ಲೂ ಹೀಗೇ ಆಯಿತು. ಬಿಬಿಎಂಪಿಗೆ 2015ರಲ್ಲಿ ಚುನಾವಣೆ ನಡೆದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು, ಮತ್ತೆ ಚುನಾವಣೆ ಆಗಲಿಲ್ಲ. 2025ರಲ್ಲಿ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು. ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರ ಬಂತು. ಅಷ್ಟು ವರ್ಷ ಬೀದಿದೀಪ ಕೆಟ್ಟರೂ ಶಾಸಕರ ಮನೆ ಮುಂದೆಯೇ ನಿಲ್ಲಬೇಕಾಯಿತು.

ಹಾಗಾಗಿ ಜನ ಶಾಸಕರ ಹತ್ತಿರ ಚರಂಡಿ ಕೇಳುವುದು ಅವರ ತಪ್ಪಲ್ಲ. ಮಧ್ಯದ ಮೆಟ್ಟಿಲುಗಳೇ ಇಲ್ಲದಿದ್ದರೆ ಕೇಳುವುದು ಯಾರನ್ನು? ಗ್ರಾಮ ಪಂಚಾಯಿತಿ ಒಂದಿದೆ, ಆದರೆ ಅಲ್ಲಿ ಹಣ ಕಡಿಮೆ. ಬಂದ ಹಣದಲ್ಲೂ ಹೆಚ್ಚಿನದು ಇಂಥದ್ದಕ್ಕೇ ಖರ್ಚಾಗಬೇಕು ಅಂತ ಕಟ್ಟಿಹಾಕಿರುತ್ತಾರೆ.

ಈಗ ಶಾಸಕರ ಕೈಲಿರುವ ಹಣದ ಲೆಕ್ಕ. ಪ್ರತಿ ಶಾಸಕರಿಗೂ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಕೇಳಲು ದೊಡ್ಡದು. ಆದರೆ 2023ರಲ್ಲಿ ರಾಜ್ಯದಲ್ಲಿ ಸುಮಾರು 5.3 ಕೋಟಿ ಮತದಾರರಿದ್ದರು, ಕ್ಷೇತ್ರಗಳು 224. ಅಂದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.3 ಲಕ್ಷಕ್ಕೂ ಜಾಸ್ತಿ ಮತದಾರರು. ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ 85 ರೂಪಾಯಿ ಆಸುಪಾಸು. ಇದರಲ್ಲಿ ಎಷ್ಟು ಬೀದಿಗೆ ಸಿಸಿ ಹಾಕಲು ಸಾಧ್ಯ?

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. 224 ಶಾಸಕರ ನಿಧಿ ಸೇರಿಸಿದರೆ 448 ಕೋಟಿ. 2025-26ರ ರಾಜ್ಯ ಬಜೆಟ್ ಗಾತ್ರ ಸುಮಾರು 4.09 ಲಕ್ಷ ಕೋಟಿ. ಸಾವಿರ ರೂಪಾಯಿಯಲ್ಲಿ ಒಂದು ರೂಪಾಯಿ ಹತ್ತು ಪೈಸೆ! ಶಾಸಕರು ಸದನದಲ್ಲಿ ಕೈ ಎತ್ತಿ ಒಪ್ಪಿಗೆ ಕೊಡುವುದು ಇಡೀ ಸಾವಿರ ರೂಪಾಯಿಗೆ. ಪ್ರಚಾರದಲ್ಲಿ ನಾವು ಅವರ ಜೊತೆ ಚರ್ಚೆ ಮಾಡುವುದು ಆ ಒಂದು ರೂಪಾಯಿ ಹತ್ತು ಪೈಸೆ ಬಗ್ಗೆ. ಉಳಿದ 998 ರೂಪಾಯಿ ತೊಂಬತ್ತು ಪೈಸೆ ಬಗ್ಗೆ ಅವರ ಅಭಿಪ್ರಾಯ ಏನು ಅಂತ ನಮಗೆ ಗೊತ್ತೇ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ಚುನಾವಣೆಯ ದೊಡ್ಡ ನಷ್ಟ ಇದೇ.

ನಿಧಿ ಸಾಲದಿದ್ದಾಗ ಶಾಸಕರು ಮಂತ್ರಿಗಳ ಹಿಂದೆ, ಮುಖ್ಯಮಂತ್ರಿಗಳ ಹಿಂದೆ ಅಲೆದು ವಿಶೇಷ ಅನುದಾನ ತರುತ್ತಾರೆ. ಕಷ್ಟಪಟ್ಟು ತರುವವರಿದ್ದಾರೆ, ಅದನ್ನು ಒಪ್ಪುತ್ತೇನೆ. ಆದರೆ ಆಡಳಿತ ಪಕ್ಷದವರಿಗೆ ಜಾಸ್ತಿ, ವಿರೋಧ ಪಕ್ಷದವರಿಗೆ ಕಡಿಮೆ ಅನ್ನುವ ಜಗಳ ಯಾವ ಸರ್ಕಾರ ಬಂದರೂ ತಪ್ಪಿಲ್ಲ. ಊರಿನ ಚರಂಡಿ ಆಗುತ್ತದೋ ಇಲ್ಲವೋ ಅನ್ನುವುದು ಶಾಸಕರ ಪಕ್ಷದ ಮೇಲೆ ನಿಂತರೆ ಅದು ಹಕ್ಕಾಗಿ ಉಳಿಯುವುದಿಲ್ಲ. ಯಾರದೋ ದಯೆ ಆಗಿಬಿಡುತ್ತದೆ. ಗುದ್ದಲಿ ಪೂಜೆ ಆಗುತ್ತದೆ, ನಾಮಫಲಕದಲ್ಲಿ ಹೆಸರು ಬರುತ್ತದೆ. ಆಮೇಲೆ ಆ ಚರಂಡಿ ಕಟ್ಟಿಕೊಂಡಾಗ ಕ್ಲೀನ್ ಮಾಡಿಸಲು ಪಂಚಾಯಿತಿಯಲ್ಲಿ ಹಣ ಇರುವುದಿಲ್ಲ.

ಹಾಗಾದರೆ ಸ್ಥಳೀಯ ವಿಷಯಕ್ಕೂ ಶಾಸಕರಿಗೂ ಸಂಬಂಧವೇ ಇಲ್ಲವೇ? ತುಂಬಾ ಇದೆ. ಕೆರೆ ತಗೊಳ್ಳಿ. ಪ್ರತಿ ಅಭ್ಯರ್ಥಿಯೂ 'ಕೆರೆ ತುಂಬಿಸ್ತೀವಿ' ಅನ್ನುತ್ತಾರೆ. 2025ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿ ಮಸೂದೆ ಸದನಕ್ಕೆ ಬಂತು. ಕೆರೆಯ ಸುತ್ತ 30 ಮೀಟರ್ ಬಿಡಬೇಕು ಅನ್ನುವ ನಿಯಮ ಬದಲಿಸಿ, ಕೆರೆಯ ಗಾತ್ರ ನೋಡಿಕೊಂಡು ಆ ಅಂತರ ಕಡಿಮೆ ಮಾಡುವುದು ಅದರ ಉದ್ದೇಶ. ನಿಮ್ಮೂರ ಸಣ್ಣ ಕೆರೆ ಪಕ್ಕದ ಜಾಗದಲ್ಲಿ ಕಟ್ಟಡ ಏಳುತ್ತದೋ ಇಲ್ಲವೋ ಅನ್ನುವುದು ಇಂಥ ಮಸೂದೆಯಿಂದ ತೀರ್ಮಾನ ಆಗುತ್ತದೆ. ಆ ದಿನ ನಿಮ್ಮ ಶಾಸಕರು ಸದನದಲ್ಲಿದ್ದರಾ? ಏನಾದರೂ ಮಾತಾಡಿದರಾ? ಕೆರೆ ಬಗ್ಗೆ ಅವರ ನಿಜವಾದ ನಿಲುವು ಗೊತ್ತಾಗುವುದು ಇಲ್ಲಿ.

ಜಮೀನಿನದೂ ಹಾಗೇ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟರು. ಪಟ್ಟಣದ ಅಂಚಿನ ಹಳ್ಳಿಗಳ ಪಾಲಿಗೆ ಹತ್ತು ಸಿಸಿ ರಸ್ತೆಗಿಂತ ದೊಡ್ಡ ವಿಷಯ ಇದು. ಕೆಲವರಿಗೆ ಒಳ್ಳೆ ಬೆಲೆ ಸಿಗುವ ಅವಕಾಶ, ಇನ್ನು ಕೆಲವರಿಗೆ ಊರಿನ ಜಮೀನೇ ಕೈತಪ್ಪುವ ಭಯ. ಎರಡು ಕಡೆಯೂ ವಾದ ಇದೆ. ಅಭ್ಯರ್ಥಿ ಯಾವ ಕಡೆ? ಇದನ್ನು ಕೇಳಿದರೆ ಮೂವರೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಪಶ್ಚಿಮಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆ ಇನ್ನೊಂದು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಈ ಹೆಸರಿಲ್ಲದೆ ಪ್ರಚಾರ ಭಾಷಣ ಮುಗಿಯುವುದಿಲ್ಲ. 2014ರಲ್ಲಿ ಶಂಕುಸ್ಥಾಪನೆ ಆಯಿತು. 12,912 ಕೋಟಿ ಇದ್ದ ಅಂದಾಜು 23,251 ಕೋಟಿಗೆ ಏರಿತು. 2018 ಮತ್ತು 2023ರ ಚುನಾವಣೆ ಕಳೆದು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರ ಕಡೆ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ನೀರು ಮುಟ್ಟಬೇಕಾದ ಕೊನೆಯ ತಾಲ್ಲೂಕುಗಳು ಇನ್ನೂ ದೂರ. 'ಎತ್ತಿನಹೊಳೆ ತರ್ತೀನಿ' ಅನ್ನುವವರನ್ನು ಕೇಳಬೇಕಾದದ್ದು ಇಷ್ಟೇ: ವೆಚ್ಚ ಏಕೆ ಹೆಚ್ಚಾಯಿತು ಅಂತ ಸದನದಲ್ಲಿ ಯಾವತ್ತು ಪ್ರಶ್ನೆ ಹಾಕ್ತೀರಿ? ಆ ಪ್ರಶ್ನೆಗೆ ಮಂತ್ರಿ ಕೊಡುವ ಉತ್ತರವನ್ನು ಕ್ಷೇತ್ರದ ಜನರಿಗೆ ಓದಿ ಹೇಳ್ತೀರಾ? ಗೋವಾ ಕಡೆ ಹರಿಯುವ ಮಹದಾಯಿ ನದಿಯದು ಇನ್ನೂ ಕಷ್ಟದ್ದು. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಮುಂದಿನದು ಕೇಂದ್ರದ ಅನುಮತಿಗಳ ಮೇಲೆ, ಗೋವಾ ಜೊತೆಗಿನ ವ್ಯಾಜ್ಯದ ಮೇಲೆ ನಿಂತಿದೆ. ಅಲ್ಲಿ ಒಬ್ಬ ಶಾಸಕ 'ನಾನು ತಂದೇ ತರ್ತೀನಿ' ಅಂದರೆ, ತನ್ನ ಕೈಲಿಲ್ಲದ್ದನ್ನು ಕೊಡುತ್ತೇನೆ ಅಂದ ಹಾಗೆ.

ಇಲ್ಲಿ ಒಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ಬಂದರೆ ಶಾಸಕರು ತಮ್ಮ ಸ್ವಂತ ಅಭಿಪ್ರಾಯದಂತೆ ಮತ ಹಾಕಲು ಆಗುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಹಾಗಿರುವಾಗ ಅಭ್ಯರ್ಥಿಯ ಸ್ವಂತ ನಿಲುವು ಕೇಳಿ ಏನು ಪ್ರಯೋಜನ ಅಂತ ಕೆಲವರು ಕೇಳುತ್ತಾರೆ. ಆದರೆ ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳಲು, ಶೂನ್ಯವೇಳೆಯಲ್ಲಿ ಎದ್ದು ನಿಲ್ಲಲು, ಗಮನ ಸೆಳೆಯುವ ಸೂಚನೆ ಕೊಡಲು, ಪಕ್ಷದ ಶಾಸಕಾಂಗ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಲು ಅದು ಅಡ್ಡ ಬರುವುದಿಲ್ಲ. ಸದನ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಬಹಳ ವರ್ಷ ಆ ಲೆಕ್ಕ ಮುಟ್ಟಿಲ್ಲ. 60 ದಿನ ಸದನ ನಡೆಯಲಿ ಅಂತ ಒತ್ತಾಯ ಮಾಡುತ್ತೀರಾ ಅಂತ ಅಭ್ಯರ್ಥಿಗಳನ್ನು ಕೇಳಿದ ಒಂದು ಸಭೆಯನ್ನೂ ನಾನು ನೋಡಿಲ್ಲ.

ಸದನದ ಆಚೆ ಇನ್ನೊಂದು ಜಾಗ ಇದೆ. ತಾಲ್ಲೂಕಿನ ಕೆಡಿಪಿ ಸಭೆ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಪ್ರಗತಿ ಪರಿಶೀಲನೆ. ಆಸ್ಪತ್ರೆಯಲ್ಲಿ ಡಾಕ್ಟರ್ ಯಾಕಿಲ್ಲ, ಶಾಲೆ ಕೊಠಡಿ ಯಾಕೆ ಸೋರುತ್ತಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟು ಎಷ್ಟು ದಿನವಾಯಿತು ಅಂತ ಎಲ್ಲ ಇಲಾಖೆಯವರನ್ನು ಎದುರಿಗೆ ಕೂರಿಸಿ ಕೇಳಬಹುದು. ಬಗರ್‌ಹುಕುಂ ಸಾಗುವಳಿ, ಅಂದರೆ ಸರ್ಕಾರಿ ಜಮೀನಿನಲ್ಲಿ ಅನುಮತಿ ಇಲ್ಲದೆ ಮಾಡಿಕೊಂಡು ಬಂದ ಸಾಗುವಳಿ, ಸಕ್ರಮ ಮಾಡುವ ಸಮಿತಿಗೂ ಶಾಸಕರೇ ಅಧ್ಯಕ್ಷರು. ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ಮನೆಗಳಿಗೆ ಈ ಸಮಿತಿ ಎಷ್ಟು ಸಲ ಸೇರುತ್ತದೆ ಅನ್ನುವುದು ಬದುಕಿನ ಪ್ರಶ್ನೆ. ಇವು ಶಾಸಕರ ಸ್ವಂತ ಜವಾಬ್ದಾರಿಗಳು. ಇಲ್ಲಿ ಪಂಚಾಯಿತಿ ಮೇಲೆ, ಕೇಂದ್ರದ ಮೇಲೆ ಬೊಟ್ಟು ಮಾಡುವಂತಿಲ್ಲ. ಹಾಲಿ ಶಾಸಕರೇ ಮತ್ತೆ ನಿಂತಿದ್ದರೆ, ಐದು ವರ್ಷದಲ್ಲಿ ಎಷ್ಟು ಕೆಡಿಪಿ ಸಭೆ ಮಾಡಿದಿರಿ, ಬಗರ್‌ಹುಕುಂ ಸಮಿತಿ ಎಷ್ಟು ಸಲ ಕರೆದಿರಿ ಅಂತ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಡಾವಳಿ ತೆಗೆಸಬಹುದು. ನನಗಂತೂ ಹತ್ತು ಪುಟದ ಪ್ರಣಾಳಿಕೆಗಿಂತ ಈ ನಡಾವಳಿಯ ಎರಡು ಹಾಳೆ ಜಾಸ್ತಿ ಹೇಳುತ್ತದೆ.

ಪ್ರಣಾಳಿಕೆ ಬಗ್ಗೆಯೂ ಒಂದು ಮಾತು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಚುನಾವಣಾ ಆಯೋಗ ಮಾರ್ಗಸೂಚಿ ತಂದಿತು. ಭರವಸೆ ಕೊಟ್ಟರೆ ಅದರ ಹಿಂದಿನ ಕಾರಣ ಏನು, ಹಣ ಹೇಗೆ ಹೊಂದಿಸುತ್ತೀರಿ ಅಂತ ಪಕ್ಷಗಳು ಹೇಳಬೇಕು ಅನ್ನುವುದು ಅದರ ಸಾರ. ಅಭ್ಯರ್ಥಿಗಳು ತಮ್ಮ ಕ್ಷೇತ್ರಕ್ಕೆ ಅಂತ ಹಂಚುವ ಕರಪತ್ರದಲ್ಲಿ ಇದನ್ನು ಯಾರೂ ನೋಡುವುದಿಲ್ಲ. ನಾವೇ ನೋಡಬೇಕು. ಪ್ರತಿ ಭರವಸೆಯ ಪಕ್ಕ ಪೆನ್ಸಿಲ್‌ನಲ್ಲಿ ಎರಡು ಸಾಲು ಬರೆದರೆ ಸಾಕು: ಇದು ಯಾರ ಕೆಲಸ, ಹಣ ಯಾರದು. ಒಮ್ಮೆ ನಾನು ಒಂದು ಕರಪತ್ರವನ್ನು ಹೀಗೆ ಗುರುತು ಹಾಕುತ್ತಾ ಓದಿದೆ. ಹದಿನಾರು ಭರವಸೆಯಲ್ಲಿ ಹನ್ನೊಂದು ಪಂಚಾಯಿತಿ ಅಥವಾ ಪುರಸಭೆ ಕೆಲಸ. ಮೂರು ಕೇಂದ್ರದ್ದು. ಶಾಸಕರಾಗಿ ಮಾಡಬಹುದಾದದ್ದು ಎರಡೇ ಎರಡು. ಒಂದು ಪದವಿ ಕಾಲೇಜು, ಇನ್ನೊಂದು ತಾಲ್ಲೂಕು ಆಸ್ಪತ್ರೆಗೆ ಹಾಸಿಗೆ. ಪಂಚಾಯಿತಿಗೆ ಅಧಿಕಾರ ಕೊಡಿಸುತ್ತೇನೆ ಅನ್ನುವ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ನನ್ನ ಪ್ರಕಾರ ಅಭ್ಯರ್ಥಿಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಪ್ರಶ್ನೆ ಅದೇ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಸಕಾಲಕ್ಕೆ ನಡೆಯಬೇಕು ಅಂತ ನೀವು ಸದನದಲ್ಲಿ ಹೇಳ್ತೀರಾ? ಮನೆ ಫಲಾನುಭವಿಗಳನ್ನು ಗ್ರಾಮಸಭೆ ಆರಿಸಿದ ಮೇಲೆ ಆ ಪಟ್ಟಿಗೆ ಕೈ ಹಾಕದೆ ಇರ್ತೀರಾ? ನಿಮ್ಮ ನಿಧಿಯ ಕೆಲಸಗಳನ್ನು ಗ್ರಾಮಸಭೆ ಕೇಳಿ ಹಾಕ್ತೀರಾ, ಇಲ್ಲ ನಿಮ್ಮ ಜೊತೆ ಓಡಾಡುವವರನ್ನು ಕೇಳಿ ಹಾಕ್ತೀರಾ? ಹೌದು ಅನ್ನುವ ಅಭ್ಯರ್ಥಿ ತನ್ನ ಕೈಲಿರುವ ಅಧಿಕಾರದಲ್ಲಿ ಸ್ವಲ್ಪ ಬಿಟ್ಟುಕೊಡಲು ಒಪ್ಪಿದ ಹಾಗೆ. ಅಂಥವರು ಕಡಿಮೆ. ಸಿಕ್ಕರೆ ಅವರ ಪಕ್ಷ ಯಾವುದೇ ಇರಲಿ, ಅವರಿಗೆ ಮತ ಹಾಕುವ ಬಗ್ಗೆ ನಾನು ಗಂಭೀರವಾಗಿ ಯೋಚನೆ ಮಾಡುತ್ತೇನೆ.

ಆ ದಿನ ಅರಳಿಕಟ್ಟೆ ಹತ್ತಿರ ಜೀಪು ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅಭ್ಯರ್ಥಿಗೆ ಹಾರ ಎತ್ತಿಕೊಟ್ಟವರು ಆ ಊರಿನ ಗ್ರಾಮ ಪಂಚಾಯಿತಿ ಸದಸ್ಯರು ಅಂತ ಆಮೇಲೆ ಗೊತ್ತಾಯಿತು. ನೀರಿನ ವಿಷಯ ಏನು ಅಂತ ಕೇಳಿದೆ. ಬೋರ್‌ನಲ್ಲಿ ನೀರು ಇದೆ, ಮೋಟಾರ್ ಸುಟ್ಟು ಇಪ್ಪತ್ತು ದಿನ ಆಯಿತು ಅಂದರು. ಹಳೇ ರಿಪೇರಿ ಬಿಲ್ಲೇ ಪಾಸಾಗಿಲ್ಲ, ಅದಕ್ಕೆ ಮೆಕ್ಯಾನಿಕ್ ಬರುತ್ತಿಲ್ಲ. ಕರೆಂಟ್ ಬಾಕಿಯೂ ಬೆಳೆದಿದೆ. "ಇದನ್ನ ಆ ಅಕ್ಕನಿಗೆ ಆಗಲೇ ಹೇಳಬಹುದಿತ್ತಲ್ಲ ಸಾರ್?" ಅಂದೆ.

"ಅವರು ನನ್ನ ಕೇಳಲಿಲ್ವಲ್ಲ" ಅಂದರು.

ಕೊಡ ಹಿಡಿದ ಹೆಂಗಸು ಅಷ್ಟರಲ್ಲಿ ಟ್ಯಾಂಕರ್ ಬರುವ ಕಡೆ ಹೊರಟಿದ್ದರು. ಸದಸ್ಯರು ಅವರನ್ನು ಕೂಗಿ ಕರೆದರು.